ಮೆದುಳಿನಲ್ಲಿ ತಾನಾಗಿ ಉಂಟಾಗುವ ರಕ್ತಸ್ರಾವ: ಚಿಕಿತ್ಸೆ, ಫಲಿತಾಂಶ ಹಾಗೂ ಕುಟುಂಬದವರು ತಿಳಿದಿರಬೇಕಾದ ಮಾಹಿತಿ

ಪೀಠಿಕೆ

ತಲೆಗೆ ಯಾವುದೇ ಪೆಟ್ಟು ಬೀಳದೆ, ಮೆದುಳಿನೊಳಗಿನ ರಕ್ತನಾಳವು ಒಡೆದು ರಕ್ತವು ಮೆದುಳಿನ ಅಂಗಾಂಶದೊಳಗೆ ಸೋರಿ ಹೆಪ್ಪುಗಟ್ಟುವ ಸ್ಥಿತಿಯನ್ನು ತಾನಾಗಿ ಉಂಟಾದ ಮೆದುಳಿನ ರಕ್ತಸ್ರಾವ ಎಂದು ಕರೆಯಲಾಗುತ್ತದೆ. ಇದು ಪಾರ್ಶ್ವವಾಯುವಿನ ಒಂದು ಬಗೆ. ಜನರು 'ಲಕ್ವ ಹೊಡೆಯಿತು' ಎಂದು ಹೇಳುವ ಪ್ರಕರಣಗಳಲ್ಲಿ ಹೆಚ್ಚಿನವು ರಕ್ತನಾಳ ಕಟ್ಟಿಕೊಂಡು ಮೆದುಳಿಗೆ ರಕ್ತ ತಲುಪದಿರುವುದರಿಂದ ಆಗುವಂಥವು. ಉಳಿದವು ರಕ್ತನಾಳ ಒಡೆದು ಆಗುವಂಥವು. ಪಾಶ್ಚಾತ್ಯ ದೇಶಗಳಿಗಿಂತ ಏಷ್ಯಾದ ದೇಶಗಳಲ್ಲಿ ಈ ಎರಡನೆಯ ಬಗೆಯ ಪಾಲು ಹೆಚ್ಚು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಂಡರೂ ಚಿಕಿತ್ಸೆಯು ತದ್ವಿರುದ್ಧವಾದುದು. ಒಂದರಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಔಷಧ ನೀಡಲಾಗುತ್ತದೆ; ಮತ್ತೊಂದರಲ್ಲಿ ಅದೇ ಔಷಧವು ಪ್ರಾಣಕ್ಕೆ ಎರವಾಗುತ್ತದೆ.

ಚಿಕಿತ್ಸಾ ನೆರವಿಗಾಗಿ ಅರ್ಜಿ ಸಲ್ಲಿಸುವ ಕುಟುಂಬಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ರೋಗಿಯು ಉಳಿಯುವರೇ, ಉಳಿದರೆ ಮುಂದೆ ಹೇಗಿರುವರು. ಈ ಪುಟದಲ್ಲಿ ಆ ಪ್ರಶ್ನೆಗಳಿಗೆ ಇಂದಿನ ವೈದ್ಯಕೀಯ ತಿಳಿವಳಿಕೆಯ ಆಧಾರದ ಮೇಲೆ ಉತ್ತರಿಸಲು ಪ್ರಯತ್ನಿಸಲಾಗಿದೆ. ಇದು ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಗೆ ಬದಲಿಯಲ್ಲ.

ಕಾರಣಗಳು

ಅತಿ ಮುಖ್ಯ ಕಾರಣ ಹತೋಟಿಯಲ್ಲಿಲ್ಲದ ಅಧಿಕ ರಕ್ತದೊತ್ತಡ. ಹಲವು ವರ್ಷಗಳ ಕಾಲ ಹೆಚ್ಚಿನ ಒತ್ತಡಕ್ಕೆ ಸಿಲುಕಿದ ಸೂಕ್ಷ್ಮ ರಕ್ತನಾಳಗಳ ಗೋಡೆಯು ಶಿಥಿಲಗೊಂಡು ಒಂದು ದಿನ ಬಿರಿಯುತ್ತದೆ. ಈ ಬಗೆಯ ರಕ್ತಸ್ರಾವವು ಮೆದುಳಿನ ಆಳದ ಭಾಗಗಳಲ್ಲಿ, ಮೆದುಳಿನ ಕಾಂಡದಲ್ಲಿ ಹಾಗೂ ತಲೆಯ ಹಿಂಬದಿಯಲ್ಲಿರುವ ಕಿರುಮೆದುಳಿನಲ್ಲಿ ಕಂಡುಬರುತ್ತದೆ. ರೋಗಿಗೆ ಅಲ್ಲಿಯವರೆಗೆ ಯಾವ ತೊಂದರೆಯೂ ತಿಳಿದಿರುವುದಿಲ್ಲ. 'ತಲೆನೋವಿಲ್ಲ, ತಲೆಸುತ್ತಿಲ್ಲ, ಆದುದರಿಂದ ಬಿ.ಪಿ. ಮಾತ್ರೆ ನಿಲ್ಲಿಸಿದೆ' ಎಂಬ ಮಾತನ್ನು ವಾರ್ಡುಗಳಲ್ಲಿ ವೈದ್ಯರು ಮೇಲಿಂದ ಮೇಲೆ ಕೇಳುತ್ತಾರೆ.

ವಯೋವೃದ್ಧರಲ್ಲಿ ಮೆದುಳಿನ ಮೇಲ್ಪದರದ ರಕ್ತನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಂಡು ನಾಳಗಳು ಒಡೆಯುವುದುಂಟು. ಹೃದಯದ ಕವಾಟ ಬದಲಾಯಿಸಿಕೊಂಡವರು ಅಥವಾ ಹೃದಯ ಬಡಿತದ ಏರುಪೇರು ಉಳ್ಳವರು ಸೇವಿಸುವ ರಕ್ತ ತೆಳುಗೊಳಿಸುವ ಔಷಧಗಳ ಪ್ರಮಾಣ ಹೆಚ್ಚಾದಾಗಲೂ ರಕ್ತಸ್ರಾವವಾಗಬಹುದು. ಅತಿಯಾದ ಮದ್ಯಪಾನವೂ ಒಂದು ಕಾರಣ. ಕಿರಿಯ ವಯಸ್ಸಿನವರಲ್ಲಿ ಹುಟ್ಟಿನಿಂದಲೇ ಬಂದ ರಕ್ತನಾಳಗಳ ಗೋಜಲನ್ನು ಶಂಕಿಸಬೇಕಾಗುತ್ತದೆ. ನಾಳದ ಗೋಡೆಯು ಗುಳ್ಳೆಯಂತೆ ಉಬ್ಬಿ ಒಡೆದು ಮೆದುಳಿನ ಹೊದಿಕೆಗಳ ನಡುವೆ ರಕ್ತ ಹರಡುವುದು ಬೇರೊಂದು ಕಾಯಿಲೆ. ಅದರಲ್ಲಿ ಹಠಾತ್ತನೆ ಸಹಿಸಲಸಾಧ್ಯವಾದ ತಲೆನೋವು ಬರುತ್ತದೆ. ಮರು ರಕ್ತಸ್ರಾವದ ಅಪಾಯ ಮೊದಲ 24 ಗಂಟೆಗಳಲ್ಲಿಯೇ ಅತ್ಯಧಿಕವಾಗಿರುವುದರಿಂದ ಆ ಗುಳ್ಳೆಯನ್ನು ಕ್ಲಿಪ್ ಅಥವಾ ಕಾಯಿಲ್ ಮೂಲಕ ಬೇಗನೆ ಮುಚ್ಚಬೇಕಾಗುತ್ತದೆ.

ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದ ಮತ್ತೊಂದು ಸ್ಥಿತಿ ಇದೆ. ಹೆರಿಗೆಯಾದ ಕೆಲವು ವಾರಗಳೊಳಗೆ ಮೆದುಳಿನಿಂದ ರಕ್ತವನ್ನು ಹೊರಕ್ಕೆ ಒಯ್ಯುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಒತ್ತಡ ಹೆಚ್ಚಿ, ರಕ್ತಸ್ರಾವವಾಗುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ಕಾಯಿಲೆಯನ್ನು ಹಲವು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿರುತ್ತಾರೆ. ದೇಹದಲ್ಲಿ ನೀರಿನಂಶ ಕಡಿಮೆಯಾಗುವುದೂ ಇದಕ್ಕೆ ಇಂಬು ಕೊಡುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ರೂಢಿಯನ್ನು ಕೈಬಿಡುವುದು ಒಳಿತು. ಬಾಣಂತಿಯಲ್ಲಿ ಬಿಡದ ತಲೆನೋವು, ವಾಂತಿ, ಫಿಟ್ಸ್ ಕಂಡುಬಂದಲ್ಲಿ ಅದನ್ನು ಸೋಂಕು ಅಥವಾ ದೃಷ್ಟಿ ಎಂದು ಭಾವಿಸಿ ಕಾಲಹರಣ ಮಾಡಬಾರದು. ಈ ಒಂದು ಸ್ಥಿತಿಯಲ್ಲಿ ಮಾತ್ರ ರಕ್ತಸ್ರಾವವಿದ್ದರೂ ವೈದ್ಯರು ಹೆಪಾರಿನ್ ಎಂಬ ರಕ್ತ ತೆಳುಗೊಳಿಸುವ ಚುಚ್ಚುಮದ್ದನ್ನೇ ನೀಡುತ್ತಾರೆ. ಸಕಾಲದಲ್ಲಿ ಚಿಕಿತ್ಸೆ ದೊರೆತವರಲ್ಲಿ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ.

ಲಕ್ಷಣಗಳು ಕಂಡೊಡನೆ ಮಾಡಬೇಕಾದುದು

ಮುಖದ ಒಂದು ಬದಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಅಥವಾ ನಿಲ್ಲುವುದು ಪಾರ್ಶ್ವವಾಯುವಿನ ಸಾಮಾನ್ಯ ಲಕ್ಷಣಗಳು. ಇವುಗಳೊಂದಿಗೆ ತೀವ್ರ ತಲೆನೋವು, ವಾಂತಿ, ಮಂಪರು ಇದ್ದಲ್ಲಿ ರಕ್ತಸ್ರಾವದ ಶಂಕೆ ಹೆಚ್ಚು. ಕಿರುಮೆದುಳಿನ ರಕ್ತಸ್ರಾವದಲ್ಲಿ ಕೈಕಾಲಿನ ಬಲ ಕುಂದದೆಯೂ ಇರಬಹುದು. ಹಠಾತ್ ತಲೆಸುತ್ತು, ವಾಂತಿ, ನಿಲ್ಲಲಾಗದೆ ತೂರಾಡುವುದು ಇವಷ್ಟೇ ಕಾಣುತ್ತವೆ. ಇದನ್ನು ಪಿತ್ತವೆಂದೋ ಅಜೀರ್ಣವೆಂದೋ ತಿಳಿದು ತಡ ಮಾಡಿದ ಪ್ರಕರಣಗಳು ಅತ್ಯಂತ ವಿಷಾದಕರ, ಏಕೆಂದರೆ ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯುವ ಸಾಧ್ಯತೆ ಸ್ಪಷ್ಟವಾಗಿರುವ ಬಗೆ ಇದೇ ಆಗಿರುತ್ತದೆ.

ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ 108 ಸಂಖ್ಯೆಗೆ ಕರೆ ಮಾಡತಕ್ಕದ್ದು. ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವಂತೆ ಆಸ್ಪಿರಿನ್ ಮಾತ್ರೆಯನ್ನು ಮನೆಯಲ್ಲಿಯೇ ಕೊಡುವ ಪರಿಪಾಠ ಈಚೆಗೆ ಹೆಚ್ಚಾಗಿದೆ. ಸ್ಕ್ಯಾನ್ ಆಗುವ ಮುನ್ನ ಹಾಗೆ ಮಾಡುವುದು ಅಪಾಯಕಾರಿ. ನಾಟಿ ಔಷಧ, ಎಣ್ಣೆ ತಿಕ್ಕುವಿಕೆ ಮುಂತಾದವುಗಳಿಗಾಗಿ ಮೊದಲ ಗಂಟೆಗಳನ್ನು ಕಳೆಯಬಾರದು. ರೋಗಿಯು ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಅಥವಾ ಖಾಲಿ ಪಟ್ಟಿಗಳನ್ನು ಜೊತೆಯಲ್ಲಿ ಒಯ್ಯುವುದು ಆಧಾರ್ ಚೀಟಿಯನ್ನು ಒಯ್ಯುವುದಕ್ಕಿಂತ ಮುಖ್ಯ.

ಸಿ.ಟಿ. ಸ್ಕ್ಯಾನ್ ಸೌಲಭ್ಯವಿಲ್ಲದ ಆಸ್ಪತ್ರೆಗೆ ಹೋದಲ್ಲಿ ಅಲ್ಲಿಂದ ಮತ್ತೆ ಸಾಗಿಸಬೇಕಾಗುತ್ತದೆ. ಆದುದರಿಂದ ಆಂಬುಲೆನ್ಸ್ ಸಿಬ್ಬಂದಿಗೆ ಪಾರ್ಶ್ವವಾಯುವಿನ ಶಂಕೆ ಇದೆ ಎಂದು ತಿಳಿಸಿ, ಲಕ್ಷಣಗಳು ಆರಂಭವಾದ ವೇಳೆಯನ್ನು ನಿಖರವಾಗಿ ಹೇಳತಕ್ಕದ್ದು.

ಆಸ್ಪತ್ರೆಯಲ್ಲಿ ಮೊದಲ ಗಂಟೆಗಳು

ಸಿ.ಟಿ. ಸ್ಕ್ಯಾನ್ ಕೆಲವೇ ನಿಮಿಷಗಳ ಪರೀಕ್ಷೆ. ರಕ್ತವು ಅದರಲ್ಲಿ ಬಿಳಿಯ ಕಲೆಯಾಗಿ ಕಾಣುತ್ತದೆ. ಎಲ್ಲಿ, ಎಷ್ಟು ರಕ್ತ ಸೇರಿದೆ ಎಂಬುದನ್ನು ವೈದ್ಯರು ಮಿಲಿಲೀಟರ್ ಲೆಕ್ಕದಲ್ಲಿ ಅಂದಾಜು ಮಾಡುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಬಂದ ರೋಗಿಗಳ ಪೈಕಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೆಪ್ಪು ಇನ್ನೂ ಬೆಳೆಯುತ್ತಿರುತ್ತದೆ. ಬಂದಾಗ ಮಾತನಾಡುತ್ತಿದ್ದ ರೋಗಿಯು ಸಂಜೆಯ ವೇಳೆಗೆ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಇದರಿಂದಲೇ ಹೊರತು ಔಷಧದ ದೋಷದಿಂದಲ್ಲ. ಈ ಬೆಳವಣಿಗೆಯನ್ನು ತಡೆಯುವುದೇ ಮೊದಲ ಹಂತದ ಚಿಕಿತ್ಸೆಯ ಗುರಿ.

ಅದಕ್ಕಾಗಿ ರಕ್ತದೊತ್ತಡವನ್ನು ಚುಚ್ಚುಮದ್ದಿನ ಮೂಲಕ ಇಳಿಸಲಾಗುತ್ತದೆ. 2013ರಲ್ಲಿ ಪ್ರಕಟವಾದ ಇಂಟರ್‌ಆಕ್ಟ್-2 ಎಂಬ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಮೇಲಿನ ಒತ್ತಡವನ್ನು 140ಕ್ಕಿಂತ ಕೆಳಗೆ ಇಳಿಸುವುದು ಸುರಕ್ಷಿತವೆಂದೂ ಅಂಗವೈಕಲ್ಯವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಬಹುದೆಂದೂ ಕಂಡುಬಂದಿತು. ಅದಕ್ಕಿಂತಲೂ ತೀವ್ರವಾಗಿ ಇಳಿಸುವುದರಿಂದ ಹೆಚ್ಚಿನ ಲಾಭವಿಲ್ಲ, ಮೂತ್ರಪಿಂಡಕ್ಕೆ ತೊಂದರೆಯಾಗಬಹುದು ಎಂದು 2016ರ ಮತ್ತೊಂದು ಅಧ್ಯಯನ ತೋರಿಸಿತು. 2023ರಲ್ಲಿ ಪ್ರಕಟವಾದ ಇಂಟರ್‌ಆಕ್ಟ್-3 ಅಧ್ಯಯನವು ನಮ್ಮಂತಹ ದೇಶಗಳಿಗೆ ಇನ್ನಷ್ಟು ಪ್ರಸ್ತುತವಾದುದು. ಭಾರತವೂ ಸೇರಿದಂತೆ 10 ದೇಶಗಳ 121 ಆಸ್ಪತ್ರೆಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಈ ಅಧ್ಯಯನದಲ್ಲಿ ರಕ್ತದೊತ್ತಡ ಇಳಿಸುವುದು, ಸಕ್ಕರೆಯ ಅಂಶವನ್ನು ಮಿತಿಯಲ್ಲಿಡುವುದು, ಜ್ವರವನ್ನು ತಗ್ಗಿಸುವುದು, ರಕ್ತ ತೆಳುಗೊಳಿಸುವ ವಾರ್ಫರಿನ್‌ನ ಪರಿಣಾಮವನ್ನು ಬೇಗನೆ ಹಿಂತಿರುಗಿಸುವುದು ಈ ನಾಲ್ಕನ್ನೂ ಒಟ್ಟಾಗಿ, ತ್ವರಿತವಾಗಿ ಮಾಡಿದಾಗ ಆರು ತಿಂಗಳ ನಂತರದ ಫಲಿತಾಂಶವು ಉತ್ತಮಗೊಂಡಿತು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಾಗಿಲ್ಲ ಎಂಬುದು ಗಮನಾರ್ಹ.

ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುತ್ತಿದ್ದವರಿಗೆ ವಿಟಮಿನ್ ಕೆ ಹಾಗೂ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರಿತ ದ್ರಾವಣ, ಅದು ಲಭ್ಯವಿಲ್ಲದಲ್ಲಿ ಪ್ಲಾಸ್ಮಾ ನೀಡಲಾಗುತ್ತದೆ. ಆಸ್ಪಿರಿನ್ ಸೇವಿಸುತ್ತಿದ್ದವರಿಗೆ ಪ್ಲೇಟ್‌ಲೆಟ್ ಕೊಡಿಸಲು ಕುಟುಂಬದವರು ಒತ್ತಾಯಿಸುವುದುಂಟು. ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲದವರಿಗೆ ಅದರಿಂದ ಕೆಡುಕೇ ಹೆಚ್ಚು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಸ್ಟೀರಾಯ್ಡ್ ಚುಚ್ಚುಮದ್ದಿನಿಂದಲೂ ಈ ಕಾಯಿಲೆಯಲ್ಲಿ ಪ್ರಯೋಜನವಿಲ್ಲ.

ಶಸ್ತ್ರಚಿಕಿತ್ಸೆ ಯಾರಿಗೆ

ತಲೆಯೊಳಗೆ ರಕ್ತವಿದ್ದರೆ ಅದನ್ನು ತೆಗೆಯಲೇಬೇಕಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಆದರೆ ಆಳದಲ್ಲಿರುವ ಹೆಪ್ಪನ್ನು ತಲುಪಬೇಕಾದರೆ ಆರೋಗ್ಯವಾಗಿರುವ ಮೆದುಳಿನ ಭಾಗವನ್ನು ಹಾದುಹೋಗಬೇಕು. ಅದರಿಂದಾಗುವ ಹಾನಿಯು ಹೆಪ್ಪಿನ ಹಾನಿಗಿಂತ ಹೆಚ್ಚಾಗಬಹುದು. ಸ್ಟಿಚ್ ಎಂಬ ಹೆಸರಿನ ಅಂತಾರಾಷ್ಟ್ರೀಯ ಅಧ್ಯಯನವು 1,033 ರೋಗಿಗಳನ್ನು ಒಳಗೊಂಡು 2005ರಲ್ಲಿ ಪ್ರಕಟವಾಯಿತು. ಮೊದಲಿಗೇ ಶಸ್ತ್ರಚಿಕಿತ್ಸೆ ಮಾಡಿದವರಿಗೂ ಔಷಧೋಪಚಾರದಿಂದ ಆರಂಭಿಸಿದವರಿಗೂ ಒಟ್ಟಾರೆ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೇಲ್ಪದರದ ರಕ್ತಸ್ರಾವಕ್ಕಷ್ಟೇ ಸೀಮಿತವಾಗಿ ನಡೆದ ಎರಡನೆಯ ಸ್ಟಿಚ್ ಅಧ್ಯಯನವೂ 2013ರಲ್ಲಿ ಸ್ಪಷ್ಟ ಲಾಭವನ್ನು ತೋರಿಸಲಿಲ್ಲ. ಆದುದರಿಂದ 'ಶಸ್ತ್ರಚಿಕಿತ್ಸೆ ಬೇಡ' ಎಂದು ನರಶಸ್ತ್ರಚಿಕಿತ್ಸಕರು ಹೇಳಿದಾಗ ಅದು ರೋಗಿಯನ್ನು ಕೈಬಿಟ್ಟಂತೆ ಅಲ್ಲ. ಹೆಚ್ಚಿನ ರೋಗಿಗಳಲ್ಲಿ ಅದೇ ಸರಿಯಾದ ತೀರ್ಮಾನವಾಗಿರುತ್ತದೆ.

ಇದಕ್ಕೆ ಅಪವಾದಗಳಿವೆ. ಕಿರುಮೆದುಳಿನಲ್ಲಿ 15 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಸೇರಿದ್ದರೆ, ಅಥವಾ ರೋಗಿಯ ಸ್ಥಿತಿ ಹದಗೆಡುತ್ತಿದ್ದರೆ, ಇಲ್ಲವೇ ಮೆದುಳಿನ ಕಾಂಡದ ಮೇಲೆ ಒತ್ತಡ ಬಿದ್ದಿದ್ದರೆ ತುರ್ತಾಗಿ ತೆಗೆಯಬೇಕಾಗುತ್ತದೆ. ಮೆದುಳಿನ ಕುಹರಗಳಲ್ಲಿ ರಕ್ತ ತುಂಬಿ ದ್ರವದ ಹರಿವು ಕಟ್ಟಿಕೊಂಡಲ್ಲಿ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಕೊಳವೆಯ ಮೂಲಕ ದ್ರವವನ್ನು ಹೊರಕ್ಕೆ ಹರಿಯಿಸಲಾಗುತ್ತದೆ. ಮೇಲ್ಪದರದ ದೊಡ್ಡ ಹೆಪ್ಪಿನಿಂದ ಪ್ರಜ್ಞೆ ಕ್ರಮೇಣ ಕುಂದುತ್ತಿರುವವರಲ್ಲಿ ಜೀವ ಉಳಿಸುವ ಸಲುವಾಗಿ ಶಸ್ತ್ರಚಿಕಿತ್ಸೆ ಮಾಡುವುದುಂಟು.

ಈಚಿನ ಬೆಳವಣಿಗೆಯೆಂದರೆ ಕಿರುಮಾರ್ಗದ ಶಸ್ತ್ರಚಿಕಿತ್ಸೆ. ಅಮೆರಿಕದಲ್ಲಿ 300 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಎನ್‌ರಿಚ್ ಅಧ್ಯಯನದಲ್ಲಿ, 30ರಿಂದ 80 ಮಿಲಿಲೀಟರ್‌ವರೆಗಿನ ಹೆಪ್ಪನ್ನು 24 ಗಂಟೆಗಳೊಳಗೆ ತೆಳುವಾದ ನಳಿಕೆಯ ಮೂಲಕ ತೆಗೆದಾಗ ಆರು ತಿಂಗಳ ನಂತರದ ಸ್ಥಿತಿ ಉತ್ತಮವಾಗಿತ್ತು. ಈ ಲಾಭವು ಬಹುತೇಕ ಮೇಲ್ಪದರದ ರಕ್ತಸ್ರಾವಕ್ಕೆ ಸೀಮಿತವಾಗಿತ್ತು. ಆಳದ ರಕ್ತಸ್ರಾವಕ್ಕೆ ಅನ್ವಯಿಸುವುದಿಲ್ಲ. ಈ ಉಪಕರಣ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಇದಕ್ಕಾಗಿಯೇ ಅಸ್ಥಿರ ಸ್ಥಿತಿಯಲ್ಲಿರುವ ರೋಗಿಯನ್ನು ನೂರಾರು ಕಿಲೋಮೀಟರ್ ಸಾಗಿಸುವುದು ಸೂಕ್ತವೇ ಎಂಬುದನ್ನು ವೈದ್ಯರೊಡನೆ ಚರ್ಚಿಸಿಯೇ ತೀರ್ಮಾನಿಸತಕ್ಕದ್ದು.

ಬದುಕುಳಿಯುವ ಸಾಧ್ಯತೆ

ಮೆದುಳಿನ ರಕ್ತಸ್ರಾವವು ಪಾರ್ಶ್ವವಾಯುವಿನ ಬಗೆಗಳಲ್ಲಿ ಅತಿ ಮಾರಕವಾದವುಗಳಲ್ಲಿ ಒಂದು. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹತ್ತು ಮಂದಿಯಲ್ಲಿ ಸುಮಾರು ನಾಲ್ವರು ಒಂದು ತಿಂಗಳೊಳಗೆ ಸಾವನ್ನಪ್ಪುತ್ತಾರೆ. ಆ ಸಾವುಗಳಲ್ಲಿ ಬಹಳಷ್ಟು ಮೊದಲ ಎರಡು ದಿನಗಳಲ್ಲಿ ಸಂಭವಿಸುತ್ತವೆ. ಈ ಅಂಕಿ ಸರಾಸರಿ ಮಾತ್ರ. ಒಬ್ಬೊಬ್ಬ ರೋಗಿಯ ಸ್ಥಿತಿ ಬಹಳ ಭಿನ್ನವಾಗಿರುತ್ತದೆ.

2001ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಂಕ ಪದ್ಧತಿಯೊಂದನ್ನು ಇಂದಿಗೂ ವ್ಯಾಪಕವಾಗಿ ಬಳಸಲಾಗುತ್ತಿದೆ. ಪ್ರಜ್ಞೆಯ ಮಟ್ಟಕ್ಕೆ 0ಯಿಂದ 2, ಹೆಪ್ಪಿನ ಪ್ರಮಾಣ 30 ಮಿಲಿಲೀಟರ್ ಅಥವಾ ಹೆಚ್ಚಿದ್ದರೆ 1 (ಇದು ಅಡುಗೆಯ ದೊಡ್ಡ ಚಮಚದಲ್ಲಿ ಎರಡು ಚಮಚದಷ್ಟು ಮಾತ್ರ), ಕುಹರಗಳಲ್ಲಿ ರಕ್ತವಿದ್ದರೆ 1, ರಕ್ತಸ್ರಾವವು ಮೆದುಳಿನ ಕಾಂಡ ಅಥವಾ ಕಿರುಮೆದುಳಿನಲ್ಲಿದ್ದರೆ 1, ವಯಸ್ಸು 80 ಅಥವಾ ಹೆಚ್ಚಾಗಿದ್ದರೆ 1 ಅಂಕ. ಆ ಮೂಲ ಅಧ್ಯಯನದಲ್ಲಿ ಶೂನ್ಯ ಅಂಕ ಪಡೆದವರಲ್ಲಿ ಒಂದು ತಿಂಗಳೊಳಗೆ ಯಾರೂ ಮರಣ ಹೊಂದಲಿಲ್ಲ. 1 ಅಂಕದವರಲ್ಲಿ ಶೇ. 13, 2 ಅಂಕದವರಲ್ಲಿ ಶೇ. 26, 3 ಅಂಕದವರಲ್ಲಿ ಶೇ. 72, 4 ಅಂಕದವರಲ್ಲಿ ಶೇ. 97 ಮಂದಿ ಮರಣ ಹೊಂದಿದರು.

ಈ ಅಂಕಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಉಳಿಯುವುದು ಕಷ್ಟವೆಂದು ಭಾವಿಸಿ ಚಿಕಿತ್ಸೆಯನ್ನು ಬೇಗನೆ ನಿಲ್ಲಿಸಿದ ರೋಗಿಗಳೂ ಇಂತಹ ಲೆಕ್ಕಗಳಲ್ಲಿ ಸೇರಿರುತ್ತಾರೆ. ಉಳಿಯಲಾರರೆಂದು ಚಿಕಿತ್ಸೆ ನಿಲ್ಲಿಸಿದರೆ ಅವರು ಉಳಿಯುವುದಿಲ್ಲ; ಆ ಸಾವು ಮುಂದಿನ ರೋಗಿಯ ವಿಷಯದಲ್ಲಿ ಪುರಾವೆಯಾಗಿಬಿಡುತ್ತದೆ. ಈ ಕಾರಣದಿಂದಲೇ ಅಮೆರಿಕದ ಹೃದ್ರೋಗ ಹಾಗೂ ಪಾರ್ಶ್ವವಾಯು ಸಂಘಗಳ 2022ರ ಮಾರ್ಗಸೂಚಿಯು, ರೋಗಿಯು ಮೊದಲೇ ತನ್ನ ಇಚ್ಛೆಯನ್ನು ತಿಳಿಸಿರದಿದ್ದಲ್ಲಿ, ಜೀವರಕ್ಷಕ ಚಿಕಿತ್ಸೆಯನ್ನು ಮಿತಿಗೊಳಿಸುವ ನಿರ್ಧಾರವನ್ನು ದಾಖಲಾದ ನಂತರದ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಬೇಕೆಂದು ಸಲಹೆ ನೀಡುತ್ತದೆ.

ನಮ್ಮಲ್ಲಿ ಈ ನಿರ್ಧಾರವು ಬೇರೆ ರೂಪದಲ್ಲಿ ಬರುತ್ತದೆ. ಖರ್ಚಿನ ಭಯದಿಂದ ಅಥವಾ 'ಮನೆಯಲ್ಲೇ ಪ್ರಾಣ ಹೋಗಲಿ' ಎಂಬ ಭಾವನೆಯಿಂದ ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಮಾಡಿ ರೋಗಿಯನ್ನು ಕರೆದೊಯ್ಯಲಾಗುತ್ತದೆ. ಕುಟುಂಬದವರ ಸಂಕಟ ಅರ್ಥವಾಗುವಂತಹುದೇ. ಆದರೆ ಸಹಿ ಮಾಡುವ ಮುನ್ನ ವೈದ್ಯರನ್ನು ಹೀಗೆ ಕೇಳಬಹುದು: ಹೆಪ್ಪು ಎಷ್ಟು ದೊಡ್ಡದು, ಎಲ್ಲಿದೆ, ಎರಡನೆಯ ಸ್ಕ್ಯಾನ್‌ನಲ್ಲಿ ಬೆಳೆದಿದೆಯೇ, ಪ್ರಜ್ಞೆಯ ಮಟ್ಟ ನಿನ್ನೆಗಿಂತ ಹೇಗಿದೆ, ಇನ್ನೆರಡು ದಿನ ಕಾದರೆ ಏನು ತಿಳಿಯಬಹುದು. ವೆಚ್ಚವೇ ಕಾರಣವಾಗಿದ್ದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ವರ್ಗಾಯಿಸುವಂತೆ ಕೋರುವುದು ಮನೆಗೆ ಕರೆದೊಯ್ಯುವುದಕ್ಕಿಂತ ಮೇಲು. ಅದೇ ರೀತಿ, ದಿನಗಳು ಕಳೆದು ಮೆದುಳಿನ ಕಾಂಡವು ಸರಿಪಡಿಸಲಾಗದಷ್ಟು ಹಾನಿಗೊಂಡಿದೆ ಎಂದು ವೈದ್ಯರು ಖಚಿತವಾಗಿ ತಿಳಿಸಿದಾಗ, ನೋವಿಲ್ಲದಂತೆ ನೋಡಿಕೊಳ್ಳುವ ಆರೈಕೆಗೆ ಒಪ್ಪುವುದು ಕರ್ತವ್ಯಚ್ಯುತಿಯಲ್ಲ.

ಚೇತರಿಕೆ

ಬದುಕುಳಿದವರಲ್ಲಿ ಸ್ವತಂತ್ರವಾಗಿ ಜೀವನ ನಡೆಸುವ ಮಟ್ಟಕ್ಕೆ ಬರುವವರು ಅಲ್ಪಸಂಖ್ಯಾತರಾದರೂ, ರಕ್ತಸ್ರಾವದಲ್ಲಿ ಚೇತರಿಕೆಯು ನಿಧಾನವಾಗಿ, ದೀರ್ಘಕಾಲ ಮುಂದುವರಿಯುತ್ತದೆ. ಹೆಪ್ಪು ವಾರಗಳ ಅವಧಿಯಲ್ಲಿ ಕರಗಿ ಸುತ್ತಲಿನ ಊತ ಇಳಿದಂತೆ, ಒತ್ತಡಕ್ಕೆ ಸಿಲುಕಿದ್ದರೂ ನಾಶವಾಗದ ಭಾಗಗಳು ಮತ್ತೆ ಕೆಲಸ ಮಾಡತೊಡಗುತ್ತವೆ. ಮೊದಲ ತಿಂಗಳ ಸ್ಥಿತಿಯನ್ನು ನೋಡಿ ಕೊನೆಯ ತೀರ್ಪು ನೀಡುವುದು ಸರಿಯಲ್ಲ. ಮೊದಲ ಮೂರರಿಂದ ಆರು ತಿಂಗಳಲ್ಲಿ ಸುಧಾರಣೆ ಹೆಚ್ಚು. ನಂತರವೂ ಅದು ನಿಲ್ಲುವುದಿಲ್ಲ.

ಆಸ್ಪತ್ರೆಯಲ್ಲಿರುವಾಗ ನುಂಗುವ ಪರೀಕ್ಷೆಯಾಗುವವರೆಗೆ ಬಾಯಿಯ ಮೂಲಕ ಆಹಾರ ನೀಡಬಾರದು. ಮೂಗಿನ ನಳಿಕೆ ಹಾಕಿದ್ದರೆ ಅದನ್ನು ಕೀಳಿಸಿ 'ಒಂದು ತುತ್ತು ಗಂಜಿ' ಕುಡಿಸುವ ಅಕ್ಕರೆಯು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನಿನ ಹುಣ್ಣುಗಳನ್ನು ತಪ್ಪಿಸಬಹುದು. ಫಿಸಿಯೋಥೆರಪಿಯನ್ನು ಸ್ಥಿತಿ ಸ್ಥಿರವಾದ ನಂತರ ಆರಂಭಿಸಲಾಗುತ್ತದೆ. ಮೊದಲ 24 ಗಂಟೆಗಳೊಳಗೇ ಅತಿಯಾಗಿ ಎಬ್ಬಿಸಿ ನಡೆಸುವುದರಿಂದ ಫಲಿತಾಂಶ ಕೆಡಬಹುದೆಂದು 2015ರ ಅಧ್ಯಯನವೊಂದು ತೋರಿಸಿದೆ. ಮನೆಗೆ ಬಂದ ಮೇಲೆ ರೋಗಿಯು ಮೌನವಾಗಿರುವುದು, ಸುಮ್ಮನೆ ಅಳುವುದು, ವ್ಯಾಯಾಮಕ್ಕೆ ಒಪ್ಪದಿರುವುದು ಹಟವಲ್ಲ, ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ.

ಮರುಕಳಿಸದಂತೆ

ಬದುಕುಳಿದವರಿಗೆ ರಕ್ತದೊತ್ತಡದ ಮಾತ್ರೆ ಜೀವನಪರ್ಯಂತ ಅಗತ್ಯ. 130/80ಕ್ಕಿಂತ ಕೆಳಗಿರುವುದು ಗುರಿ. ಪಾರ್ಶ್ವವಾಯು ಆಗಿದ್ದವರಲ್ಲಿ ರಕ್ತದೊತ್ತಡ ತಗ್ಗಿಸಿದಾಗ ಮೆದುಳಿನ ರಕ್ತಸ್ರಾವವು ಅರ್ಧದಷ್ಟು ಕಡಿಮೆಯಾಗುತ್ತದೆ ಎಂಬುದು 2001ರ ಪ್ರೋಗ್ರೆಸ್ ಅಧ್ಯಯನದಿಂದ ದೃಢಪಟ್ಟಿದೆ. ಈ ಕಾಯಿಲೆಯ ಇಡೀ ಚಿಕಿತ್ಸಾ ಇತಿಹಾಸದಲ್ಲಿ ಇಷ್ಟು ದೊಡ್ಡ ಲಾಭ ಬೇರಾವ ಕ್ರಮದಿಂದಲೂ ದೊರೆತಿಲ್ಲ. ರಕ್ತದೊತ್ತಡದ ತಪಾಸಣೆ ಹಾಗೂ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ನಿಲ್ಲಿಸಿದ ಆಸ್ಪಿರಿನ್ ಅಥವಾ ರಕ್ತ ತೆಳುಗೊಳಿಸುವ ಮಾತ್ರೆಯನ್ನು ಮತ್ತೆ ಆರಂಭಿಸಬೇಕೇ ಎಂಬುದು ರೋಗಿಯಿಂದ ರೋಗಿಗೆ ಬದಲಾಗುವ ವಿಷಯ; ಹೃದ್ರೋಗ ತಜ್ಞರು ಮತ್ತು ನರರೋಗ ತಜ್ಞರು ಕೂಡಿ ತೀರ್ಮಾನಿಸಬೇಕು. ಹಳೆಯ ಚೀಟಿ ತೋರಿಸಿ ಔಷಧ ಅಂಗಡಿಯಿಂದ ನೇರವಾಗಿ ಖರೀದಿಸಬಾರದು.

ಚಿಕಿತ್ಸಾ ವೆಚ್ಚ ಹಾಗೂ ಪ್ರಮಾಣಪತ್ರಗಳು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದ್ದು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅನುಷ್ಠಾನಗೊಳ್ಳುತ್ತಿದೆ. ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಯೋಜನೆಯ ತುರ್ತು ಚಿಕಿತ್ಸಾ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಿಲ್ಲ. ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ಶಿಫಾರಸು ಪತ್ರಕ್ಕಾಗಿ ಅಲೆದು ಸಮಯ ಕಳೆಯಬಾರದು. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ದಾಖಲಾದ ದಿನವೇ ಭೇಟಿಯಾಗತಕ್ಕದ್ದು. ನೆರವನ್ನು ನೇರವಾಗಿ ಆಸ್ಪತ್ರೆಗೆ ಪಾವತಿಸಲಾಗುವುದರಿಂದ, ಸ್ವಂತ ಹಣ ಕಟ್ಟಿ ಬಿಡುಗಡೆಯಾದ ನಂತರ ಮರುಪಾವತಿಯನ್ನು ನಿರೀಕ್ಷಿಸುವುದು ಸೂಕ್ತವಲ್ಲ. ಹತ್ತಿರದ ನೋಂದಾಯಿತ ಆಸ್ಪತ್ರೆಯ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.

ಅಂಗವೈಕಲ್ಯ ಉಳಿದವರು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಮೊದಲ ತಿಂಗಳುಗಳಲ್ಲಿ ಸ್ಥಿತಿಯು ಬದಲಾಗುತ್ತಿರುವುದರಿಂದ ನರಸಂಬಂಧಿ ವೈಕಲ್ಯದ ಮೌಲ್ಯಮಾಪನವನ್ನು ಸಾಮಾನ್ಯವಾಗಿ ಕಾಯಿಲೆ ಆರಂಭವಾಗಿ ಆರು ತಿಂಗಳು ಕಳೆದ ಮೇಲೆ ಮಾಡಲಾಗುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರು ಮಾಸಾಶನಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ರೋಗಿಯನ್ನು ಸಾಗಿಸುವುದು ಕಷ್ಟವಾಗಿದ್ದಲ್ಲಿ ಆ ಸಂಗತಿಯನ್ನು ಜಿಲ್ಲಾ ಆಸ್ಪತ್ರೆಗೆ ಮುಂಚಿತವಾಗಿ ಲಿಖಿತದಲ್ಲಿ ತಿಳಿಸತಕ್ಕದ್ದು. ಬಿಡುಗಡೆ ಸಾರಾಂಶ, ಮೊದಲ ಸಿ.ಟಿ. ಸ್ಕ್ಯಾನ್ ವರದಿ ಹಾಗೂ ಫಿಲ್ಮ್‌ಗಳ ಮೂಲಪ್ರತಿಯನ್ನು ಯಾವ ಕಚೇರಿಗೂ ಬಿಟ್ಟುಕೊಡದೆ, ದೃಢೀಕರಿಸಿದ ನಕಲುಗಳನ್ನು ಮಾತ್ರ ಲಗತ್ತಿಸತಕ್ಕದ್ದು.